ಏಕೀಕರಣ ಚುರುಮುರಿ

ನನ್ನ ಹೆಂಡತಿ ಧಾರವಾಡದವಳು, ನಾನು ಮೈಸೂರಿನವನು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ‘ಚುರುಮುರಿ ತಿನ್ನೋಣವೇ?’ ಎಂದು ನಾನು ಆಸೆಯಿಂದ ಕೇಳಿದ್ದಕ್ಕೆ, ಆಕೆ ಒಂದು ಪಾತ್ರೆಯ ತುಂಬ ಬರಿಯ ಕಡಲೆಪುರಿಯನ್ನು ತಂದು ಮುಂದಿಟ್ಟು, ಇನ್ನೇನು ಬೇಕು ಎಂಬಂತೆ ನೋಡಿದ್ದಳು. ನಮ್ಮಲ್ಲಿ ಪುರಿಗೆ ಈರುಳ್ಳಿ, ಕ್ಯಾರೆಟ್ ತುರಿ, ಖಾರ ಬಿದ್ದ ಮೇಲಷ್ಟೇ ಅದು ಚುರುಮುರಿಯಾಗುತ್ತದೆ. ಅವರಲ್ಲಿ ಅದು ಹುಟ್ಟಿನಿಂದಲೇ ಚುರುಮುರಿ, ಸಂಸ್ಕಾರವಾದ ಮೇಲೆ ಗಿರ್ಮಿಟ್. ದಾವಣಗೆರೆಗೆ ಹೋದರೆ ಅದೇ ಪದಾರ್ಥ ಮಂಡಕ್ಕಿ. ಐದು ಆಡಳಿತಗಳಿಗೆ ಹಂಚಿಹೋಗಿದ್ದ ಕನ್ನಡಿಗರು 1956ರಲ್ಲಿ ಒಂದಾದರೂ ಪುರಿ ಮಾತ್ರ ಒಂದಾಗಲಿಲ್ಲವಲ್ಲ ಎಂಬ ಕೊರಗು, ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದ ನನ್ನಲ್ಲಿ ಹಾಗೆಯೇ ಉಳಿದುಕೊಂಡಿತ್ತು.

ಕಳೆದ ವರ್ಷ ಈ ಕೊರಗಿಗೆ ಪರಿಹಾರ ತಾನಾಗಿ ಒದಗಿಬಂತು. ನಮ್ಮ ಬೀದಿಯ ಕೊನೆಯಲ್ಲಿ, ಉದ್ಯಾನದ ಗೇಟಿನ ಪಕ್ಕ ಗಾಡಿ ನಿಲ್ಲಿಸುವ ಚುರುಮುರಿಯವರು ರಾಜ್ಯೋತ್ಸವದ ದಿನ ತಂಗಿಯ ಮಗಳ ಮದುವೆಗೆ ಹೋಗಬೇಕಾಗಿತ್ತು; ರಜೆಯ ದಿನದ ವ್ಯಾಪಾರ ಕೈತಪ್ಪುತ್ತದೆಂದು ಪೇಚಾಡುತ್ತಿದ್ದರು. ‘ಒಂದು ದಿನ ನಾನು ನಿಲ್ಲುತ್ತೇನೆ’ ಎಂದೆ. ಅವರು ನಕ್ಕರು. ನಾನು ನಗದೆ ನಿಂತದ್ದನ್ನು ಕಂಡು ನಗು ನಿಲ್ಲಿಸಿ, ಗಾಡಿಯ ಬೀಗದ ಕೈಯನ್ನು ಕೊಟ್ಟು, ಮೂರು ಸೂಚನೆಗಳನ್ನಿತ್ತರು. ಮೊದಲು ಎಣ್ಣೆ ಮತ್ತು ಖಾರದಲ್ಲಿ ಪುರಿ ಕಲಸಬೇಕು, ನೀರು ಬಿಡುವ ಟೊಮೆಟೊ ಕೊನೆಯಲ್ಲಿ ಬೀಳಬೇಕು. ಗಿರಾಕಿ ಎದುರಿಗೆ ಬಂದು ನಿಂತ ಮೇಲೆಯೇ ಕಲಸಬೇಕು. ಪುರಿಯ ಡಬ್ಬದ ಮುಚ್ಚಳವನ್ನು ಯಾವ ಕಾರಣಕ್ಕೂ ತೆರೆದಿಡಬಾರದು. ಇವನ್ನೆಲ್ಲ ನಾನು ಬರೆದುಕೊಂಡೆ. ನನ್ನ ಬಹುಪಾಲು ವಿದ್ಯಾರ್ಥಿಗಳೂ ಬರೆದುಕೊಳ್ಳುತ್ತಿದ್ದರು.

ನಾಲ್ಕು ದಿನ ಯೋಚಿಸಿ ನಾನು ರೂಪಿಸಿದ ತಿನಿಸಿನ ಹೆಸರು ‘ಏಕೀಕರಣ ಚುರುಮುರಿ’. ಹಳೆಯ ಮೈಸೂರಿನ ಪರವಾಗಿ ಕ್ಯಾರೆಟ್ ತುರಿ ಮತ್ತು ಮುರಿದ ನಿಪ್ಪಟ್ಟು. ಮುಂಬೈ ಕರ್ನಾಟಕದ ಪರವಾಗಿ ಈರುಳ್ಳಿ, ಹಸಿಮೆಣಸಿನಕಾಯಿ, ಹುಣಸೆಹುಳಿ, ಬೆಲ್ಲ ಹಾಕಿ ಬಾಡಿಸಿದ ಗಿರ್ಮಿಟ್ ಗೊಜ್ಜು. ಮದ್ರಾಸಿನಿಂದ ಬಂದ ಕರಾವಳಿಗಾಗಿ ತೆಂಗಿನೆಣ್ಣೆ ಮತ್ತು ಮಾವಿನಕಾಯಿ ಚೂರು. ಹೈದರಾಬಾದ್ ಕರ್ನಾಟಕಕ್ಕಾಗಿ, ಸುಸ್ಲಾ ಮಾಡುವಾಗ ನೆನೆಸುವಂತೆ, ಒಂದು ಹಿಡಿ ನೆನೆಸಿದ ಪುರಿ. ಕೊಡಗಿಗೆ ಏನು ಕೊಡಬೇಕೆಂದು ತೋಚದೆ ಕಾಳುಮೆಣಸಿನ ಪುಡಿ ಉದುರಿಸಿದೆ. ಬೆಲೆಯೂ ಅರ್ಥಪೂರ್ಣವಾಗಿರಲೆಂದು 56 ರೂಪಾಯಿ ಎಂದು ನಿಗದಿ ಮಾಡಿ, ಹಳದಿ ಕೆಂಪು ಬಣ್ಣದಲ್ಲಿ ಫಲಕ ಬರೆಸಿದೆ. ಗೊಜ್ಜು ಮಾಡಿಕೊಟ್ಟ ಹೆಂಡತಿ, ಗಿರ್ಮಿಟ್ಟಿಗೆ ಪುಟಾಣಿ ಹಿಟ್ಟು ಹಾಕದಿದ್ದರೆ ಹಸಿ ಹೀರುವುದಕ್ಕೆ ಏನೂ ಇರುವುದಿಲ್ಲವೆಂದು ಎರಡು ಸಲ ಹೇಳಿದಳು. ಆರನೆಯ ಪ್ರಾಂತ್ಯವಿಲ್ಲದ ಕಾರಣ ಆ ಹಿಟ್ಟಿಗೆ ನನ್ನ ಯೋಜನೆಯಲ್ಲಿ ಸ್ಥಾನವಿರಲಿಲ್ಲ.

ಸಂಜೆ ಐದಕ್ಕೆ ಗಾಡಿ ತೆರೆದೆ. ಮೊದಲ ಗಿರಾಕಿ ಎಂಟು ವರ್ಷದ ಹುಡುಗ. ಫಲಕವನ್ನು ಅಕ್ಷರಕ್ಷರವಾಗಿ ಓದಿ, ‘ಅಂಕಲ್, ಮಾಮೂಲಿ ಇಲ್ವಾ?’ ಎಂದ. ಇಲ್ಲವೆಂದೆ. ಅವನು ಹೋಗಿ ತನ್ನ ಗೆಳೆಯರಿಗೂ ಅದನ್ನೇ ಹೇಳಿದನೆಂದು ಕಾಣುತ್ತದೆ, ಅರ್ಧ ಗಂಟೆ ಮಕ್ಕಳಾರೂ ಇತ್ತ ಸುಳಿಯಲಿಲ್ಲ.

ಮೊದಲ ನಿಜವಾದ ಗಿರಾಕಿ ಬಂದಾಗ ಪೊಟ್ಟಣದ ಸಮಸ್ಯೆ ಎದುರಾಯಿತು. ಸುದ್ದಿಪತ್ರಿಕೆಯ ಶಾಯಿ ತಿನಿಸಿಗೆ ಇಳಿಯುತ್ತದೆ, ಅದರಲ್ಲಿ ಕಟ್ಟಿಕೊಡಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳುತ್ತಲೇ ಬಂದಿರುವುದರಿಂದ ನಾನು ನುಣುಪಾದ ಬಿಳಿ ಹಾಳೆಗಳನ್ನು ತಂದಿದ್ದೆ. ಗಾಡಿಯವರು ಎಡಗೈಯಲ್ಲಿ ಹಾಳೆಯನ್ನು ಒಮ್ಮೆ ತಿರುವಿ, ತುದಿಯನ್ನು ಬೆರಳಿನಿಂದ ಚಿವುಟಿದಂತೆ ಮಡಿಸಿದರೆ ಪೊಟ್ಟಣ ಸಿದ್ಧವಾಗುತ್ತದೆ. ನಾನು ಎರಡು ಕೈಯಲ್ಲಿ ತಿರುವಿದರೂ ಅದು ಒಮ್ಮೆ ತಮಟೆಯಂತೆ ಅಗಲವಾಗುತ್ತಿತ್ತು, ಇನ್ನೊಮ್ಮೆ ಕೊಳಲಿನಂತೆ ಸೊರಗುತ್ತಿತ್ತು. ಕೊನೆಗೊಂದು ಸರಿಯಾಗಿ ಬಂದದ್ದರಲ್ಲಿ ಏಕೀಕರಣವನ್ನು ತುಂಬಿ ಕೊಟ್ಟೆ. ಗಿರಾಕಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಗೊಜ್ಜು ಹಾಳೆಯ ತುದಿಯನ್ನು ನೆನೆಸಿ, ಕರ್ನಾಟಕ ಬುಡದಿಂದ ಜಾರಿ ಅವರ ಚಪ್ಪಲಿಯ ಮೇಲೆ ಬಿತ್ತು. ಧಾರವಾಡದವರು ಗಿರ್ಮಿಟ್ಟನ್ನು ತಟ್ಟೆಯಲ್ಲಿ ಕೊಡುವುದೇಕೆ ಎಂಬುದು ನನಗೆ ಆಗ ಹೊಳೆಯಿತು.

ಎರಡನೆಯ ಸಮಸ್ಯೆ 56. ಅರವತ್ತು ಕೊಟ್ಟವರಿಗೆ ನಾಲ್ಕು, ನೂರು ಕೊಟ್ಟವರಿಗೆ ನಲವತ್ತನಾಲ್ಕು ರೂಪಾಯಿ ಹಿಂದಿರುಗಿಸಬೇಕು. ನನ್ನ ಬಳಿ ಎರಡು ರೂಪಾಯಿಯ ಒಂದೇ ಒಂದು ನಾಣ್ಯವಿತ್ತು. ನಾಲ್ಕು ರೂಪಾಯಿಗೆ ಬದಲಾಗಿ ಒಂದು ನಿಪ್ಪಟ್ಟು ಕೊಡುವ ಪದ್ಧತಿಯನ್ನು ಜಾರಿಗೆ ತಂದೆ. ಏಳು ಗಂಟೆಯ ಹೊತ್ತಿಗೆ ನಿಪ್ಪಟ್ಟು ಮುಗಿದು, ಏಕೀಕರಣದಲ್ಲಿ ಮೈಸೂರಿಗೆ ಕ್ಯಾರೆಟ್ ಮಾತ್ರ ಉಳಿಯಿತು.

ಫೋನಿನಲ್ಲಿ ಹಣ ಹಾಕುವವರಿಂದ ಈ ತೊಂದರೆ ಇರಲಿಲ್ಲ. ಆದರೆ ಕ್ಯೂಆರ್ ಕೋಡ್ ಗಾಡಿಯವರದು. ಗಾಡಿಯಲ್ಲಿದ್ದ ಪೆಟ್ಟಿಗೆ ‘56 ರೂಪಾಯಿ ಸ್ವೀಕರಿಸಲಾಗಿದೆ’ ಎಂದು ಕೂಗಿದಾಗಲೆಲ್ಲ ಅಲ್ಲಿ ಆರತಕ್ಷತೆಯ ಸಾಲಿನಲ್ಲಿ ನಿಂತಿದ್ದ ಅವರ ಜೇಬಿನಲ್ಲೂ ಸದ್ದಾಗುತ್ತಿತ್ತು. ಐದನೆಯ ಸದ್ದಿಗೆ ಅವರ ಕರೆ ಬಂತು.

‘ಸಾರ್, 30 ಬರಬೇಕಾದ ಕಡೆ 56 ಬರ್ತಾ ಇದೆ. ಏನು ಮಾರ್ತಾ ಇದ್ದೀರಿ?’

ನಾನು ಆಲೂರು ವೆಂಕಟರಾಯರಿಂದ ಆರಂಭಿಸಿ ಫಜಲ್ ಅಲಿ ಆಯೋಗದವರೆಗೆ ಬಂದಿದ್ದೆ. ಅತ್ತ ಕಡೆ ವಾಲಗದ ಸದ್ದಿನ ನಡುವೆ ಅವರು ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡು, ‘ಅದೆಲ್ಲ ಸರಿ ಸಾರ್, ಡಬ್ಬದ ಮುಚ್ಚಳ ಹಾಕಿದ್ದೀರಾ?’ ಎಂದರು.

ತಿರುಗಿ ನೋಡಿದೆ. ಮುಚ್ಚಳ ಗಾಡಿಯ ಕೆಳಗಿತ್ತು. ಆಕಾಶದಲ್ಲಿ ಹಿಂಗಾರಿನ ಜಿಟಿಜಿಟಿ ಆರಂಭವಾಗಿ ಹತ್ತು ನಿಮಿಷವಾಗಿತ್ತು. ಡಬ್ಬಕ್ಕೆ ಕೈ ಹಾಕಿದರೆ ಹತ್ತಿಯನ್ನು ಮುಟ್ಟಿದಂತಾಯಿತು. ಹೈದರಾಬಾದ್ ಕರ್ನಾಟಕದ ಪಾಲಿಗೆಂದು ನಾನು ಪ್ರತ್ಯೇಕವಾಗಿ ಪುರಿ ನೆನೆಸುವ ಅಗತ್ಯ ಇನ್ನಿರಲಿಲ್ಲ.

ಅಷ್ಟರಲ್ಲಿ ಹುಬ್ಬಳ್ಳಿಯ ಕಡೆಯವನೆಂದು ಮಾತಿನಲ್ಲೇ ತಿಳಿಯುವಂತಿದ್ದ ಒಬ್ಬ ವಿದ್ಯಾರ್ಥಿ ಕೊಡೆ ಹಿಡಿದು ಬಂದು, ಕೋಣೆಯಲ್ಲಿ ತಾನೇ ಒಗ್ಗರಣೆ ಹಾಕಿಕೊಳ್ಳುವುದಕ್ಕೆ ಅರ್ಧ ಕಿಲೋ ಚುರುಮುರಿ ಬೇಕೆಂದು ಕೇಳಿದ. ನಾನು ಸಂತೋಷದಿಂದ ದೊಡ್ಡ ಪಾತ್ರೆಗೆ ಗೊಜ್ಜು ಸುರಿದು ಕಲಸತೊಡಗಿದಾಗ ಅವನು ಗಾಬರಿಯಾಗಿ, ‘ಬರೇ ಚುರುಮುರಿರೀ ಸರ’ ಎಂದ. ನಲವತ್ತು ವರ್ಷದ ದಾಂಪತ್ಯದಲ್ಲಿ ಕಲಿತ ಪದವನ್ನು ನಾನು ಬೇಕಾದ ಹೊತ್ತಿನಲ್ಲೇ ಮರೆತಿದ್ದೆ. ಕಲಸಿದ ಅರ್ಧ ಕಿಲೋ ಪಾತ್ರೆಯಲ್ಲೇ ಉಳಿಯಿತು.

ಎಂಟು ಗಂಟೆಗೆ ಹೆಂಡತಿ ನನ್ನನ್ನು ಹುಡುಕಿಕೊಂಡು ಬಂದಳು. ಪಾತ್ರೆಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿ, ಬಹಳ ಹೊತ್ತು ಅಗಿದಳು. ಅಗಿಯುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ, ಯೋಚಿಸುತ್ತಿದ್ದಳು. ‘ಇದು ಗಿರ್ಮಿಟ್ಟೂ ಅಲ್ಲ, ನಿಮ್ಮ ಚುರುಮುರಿನೂ ಅಲ್ಲ. ಮಳ್ಯಾಗ ತೊಯ್ಸಿಕೊಂಡ ಅವಲಕ್ಕಿ ಆಗೇತಿ’ ಎಂದು ತೀರ್ಪಿತ್ತು, ಗಾಡಿಯನ್ನು ಒರೆಸಲು ಕೈಜೋಡಿಸಿದಳು.

ಒಟ್ಟು 19 ಪೊಟ್ಟಣಗಳು ಹೋಗಿದ್ದವು, ಅಂದರೆ 1,064 ರೂಪಾಯಿ. ಸಾಮಗ್ರಿಗೆ ನಾನು ಹಾಕಿದ್ದು 1,350. ಗಾಡಿಯವರು ತಮ್ಮ ಖಾತೆಗೆ ಬಿದ್ದ ಹಣವನ್ನು ಹಿಂದಿರುಗಿಸಲು ಬಂದರೆ, ನಾನು ಅದನ್ನು ಪುರಿಯ ಡಬ್ಬದ ಲೆಕ್ಕಕ್ಕೆ ಹಿಡಿಯಿರಿ ಎಂದೆ. ಅವರು ಹೆಚ್ಚು ಒತ್ತಾಯ ಮಾಡಲಿಲ್ಲ. ಉಳಿದ ಗೊಜ್ಜನ್ನು ನಮ್ಮ ಮನೆಯಲ್ಲಿ ಮೂರು ದಿನ ಚಪಾತಿಗೆ, ಅನ್ನಕ್ಕೆ, ಕೊನೆಗೆ ಉಪ್ಪಿಟ್ಟಿಗೆ ಹಚ್ಚಿಕೊಂಡೆವು.

ನಾಲ್ಕನೆಯ ಸಂಜೆ ಇಬ್ಬರೂ ಗಾಡಿಯ ಬಳಿಗೆ ಹೋದೆವು. ‘ಎರಡು ಚುರುಮುರಿ’ ಎಂದೆ. ‘ಮಾಮೂಲಿ ತಾನೇ ಸಾರ್?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ಅವರು ಎಡಗೈಯಲ್ಲಿ ಹಾಳೆಯನ್ನು ತಿರುವಿದರು. ಪೆಟ್ಟಿಗೆ ‘60 ರೂಪಾಯಿ’ ಎಂದು ಕೂಗಿತು. ಗಾಡಿಯ ಮುಂದೆ ನನ್ನ ಹಳದಿ ಕೆಂಪು ಫಲಕ ಹಿಂಬದಿ ಮುಂದಾಗಿ ತೂಗುತ್ತಿತ್ತು; ಅದರ ಮೇಲೆ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿದ್ದರು: ‘ದಯವಿಟ್ಟು ಸರಿಯಾದ ಚಿಲ್ಲರೆ ಕೊಡಿ.’