ಒತ್ತಿಗೆ ಜಾಗ ಬಿಡ್ರಿ

ವಿಜಯಪುರದ ಒಣದ್ರಾಕ್ಷಿ ದರ ದಿನಾ ವಾಟ್ಸಾಪಿನಲ್ಲಿ ಓಡಾಡ್ತದೆ. ಅದರಲ್ಲಿ ‘ದ್ರಾಕ್ಷಿ’ ಅನ್ನೋ ಒಂದೇ ಪದ ತಗೊಂಡು ನೋಡ್ರಿ. ಕಣ್ಣಿಗೆ ಎರಡೇ ಅಕ್ಷರ. ಒಳಗೆ ದ, ಹಲಂತ, ರ, ಆಕಾರ, ಕ, ಹಲಂತ, ಷ, ಇಕಾರ ಅಂತ ಎಂಟು ಯೂನಿಕೋಡ್ ಸಂಕೇತ ಅದಾವೆ. ದಕಾರದ ಕೆಳಗೆ ರ-ಒತ್ತು, ಪಕ್ಕದಲ್ಲಿ ಇಳಿ, ಮುಂದೆ ಕ್ಷಕಾರ, ಅದರ ನೆತ್ತಿ ಮೇಲೆ ಗುಡಿಸು. ಮೂರು ಅಂತಸ್ತಿನ ಮನೆ ಇದು. ಇಂಗ್ಲಿಷಿಗೆ ಅಂತ ಅಳತೆ ಮಾಡಿ ಹೊಲಿದ ಥೀಮಿನಲ್ಲಿ, ಅಂದರೆ ವೆಬ್‌ಸೈಟಿನ ಸಿದ್ಧ ವಿನ್ಯಾಸದಲ್ಲಿ, ಇದನ್ನು ತುರುಕಿದರೆ ಮೊದಲು ಪೆಟ್ಟು ಬೀಳೋದು ಕೆಳಗಿನ ಅಂತಸ್ತಿಗೆ.

ಪೆಟ್ಟು ಅಂದರೆ ಎಂಥದು? ಬಟನ್ನಿನ ಎತ್ತರ ಬಿಗಿ ಇದ್ದು ‘ಕತ್ತೆ’ಯ ಒತ್ತು ಕತ್ತರಿಸಿ ಹೋದರೆ ಪರದೆ ಮೇಲೆ ಉಳಿಯೋದು ‘ಕತೆ’. ‘ಹಳ್ಳಿ’ ಹೋಗಿ ‘ಹಳಿ’ ಆಗ್ತದೆ. ಒತ್ತು ಹೋದರೆ ಅರ್ಥವೇ ಹೋಯ್ತು. ಓದುಗ ಸಂದರ್ಭ ಹಿಡಿದು ಊಹಿಸಿಕೊಳ್ತಾನೆ ನಿಜ, ಆದರೆ ಸಾಲು ಸಾಲಿಗೂ ಊಹಿಸುತ್ತಾ ಓದಬೇಕಾದರೆ ಎರಡನೇ ಪ್ಯಾರಾಕ್ಕೆ ಕಣ್ಣು ಸೋಲ್ತದೆ. ‘ಕನ್ನಡದಲ್ಲಿ ಉದ್ದ ಬರಹ ಯಾರೂ ಓದಲ್ಲ’ ಅನ್ನೋರು ಮೊದಲು ತಮ್ಮ ಪುಟದ ಸಾಲಿನ ಅಂತರ ನೋಡಿಕೊಳ್ಳಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ವೆಬ್‌ಸೈಟಿನವರಿಗೆ ಲೆಕ್ಕ ಹೇಳ್ತೀನಿ. ಮೈಬರಹ 18 ಪಿಕ್ಸೆಲ್, ಲೈನ್‌ಹೈಟ್ (ಸಾಲಿನ ಎತ್ತರ ಅಕ್ಷರದ ಅಳತೆಯ ಎಷ್ಟು ಪಟ್ಟು ಅನ್ನೋದು) 1.7 ಇಡ್ರಿ. ಆಗ ಒಂದು ಸಾಲಿಗೆ 30.6 ಪಿಕ್ಸೆಲ್ ಸಿಗ್ತದೆ. 1.2 ಇದ್ದರೆ ಸಿಗೋದು 21.6 ಮಾತ್ರ. ಆ 9 ಪಿಕ್ಸೆಲ್‌ನಲ್ಲೇ ಒತ್ತು ಉಸಿರಾಡೋದು. ಲೈನ್‌ಹೈಟನ್ನು ಪಿಕ್ಸೆಲ್‌ನಲ್ಲಿ ಬರೀಬ್ಯಾಡ್ರಿ, ಬರೇ 1.7 ಅಂತ ಬರೀರಿ. ವಯಸ್ಸಾದವರು ಅಕ್ಷರ ದೊಡ್ಡದು ಮಾಡಿಕೊಂಡಾಗ ಅಂತರವೂ ಜೊತೆಗೇ ಬೆಳೀತದೆ. ಬಹಳ ಜನ ಮೈಬರಹ ಸರಿ ಮಾಡಿ ಶೀರ್ಷಿಕೆ ಮರೀತಾರೆ. ಇಂಗ್ಲಿಷ್ ಶೀರ್ಷಿಕೆ ಒಂದೇ ಸಾಲಿಗೆ ಮುಗಿದರೆ 1.2 ನಡೀತದೆ. ನಮ್ಮ ಪದ ಉದ್ದ, ಮೊಬೈಲಿನಲ್ಲಿ ಶೀರ್ಷಿಕೆ ಎರಡು ಮೂರು ಸಾಲಿಗೆ ಮುರೀತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ಬಡೀತದೆ. ಅಲ್ಲಿ 1.4ಕ್ಕಿಂತ ಕಡಿಮೆ ಬೇಡ. ಪರೀಕ್ಷೆ ಸುಲಭ: ಮೇಲಿನ ಸಾಲಿಗೆ ‘ಸ್ತ್ರೀ, ರಾಷ್ಟ್ರ, ಶಾಸ್ತ್ರ’, ಕೆಳಗಿನ ಸಾಲಿಗೆ ‘ಕೀರ್ತಿ, ಪ್ರೀತಿ, ಹೇಳಿಕೆ’ ಬರೆದು ನೋಡ್ರಿ. ಒಂದಕ್ಕೊಂದು ತಾಗಬಾರದು. ಓದುಗ ಸಾಲಿನ ಅಂತರವನ್ನು ಅಕ್ಷರದ 1.5 ಪಟ್ಟು ಮಾಡಿಕೊಂಡರೂ ಪುಟದಲ್ಲಿ ಏನೂ ಕತ್ತರಿಸಿ ಹೋಗಬಾರದು ಅಂತ ವೆಬ್‌ಗೆ ಇರುವ 2018ರ ಜಾಗತಿಕ ಮಾರ್ಗಸೂಚಿ, ಡಬ್ಲ್ಯುಸಿಎಜಿ 2.1, ಹೇಳ್ತದೆ. ಬಟನ್ನು, ಮೆನು ಪಟ್ಟಿಗಳ ಎತ್ತರ ಬಿಗಿಯಾಗಿ ಕಟ್ಟಿದವರ ಪುಟ ಇದರಲ್ಲಿ ಪಾಸಾಗಲ್ಲ.

ವರ್ಡ್‌ನಲ್ಲಿ ನೋಟಿಸು ಮಾಡೋರಿಗೆ ಲೆಕ್ಕ ಬೇರೆ. ಅಲ್ಲಿ ‘ಮಲ್ಟಿಪಲ್’ ಅನ್ನೋದು ಫಾಂಟಿನ ಸ್ವಂತ ಎತ್ತರದ ಮೇಲೆ ಗುಣಿಸ್ತದೆ. ಕನ್ನಡ ಫಾಂಟುಗಳಲ್ಲಿ ಆ ಎತ್ತರ ಮೊದಲೇ ಜಾಸ್ತಿ ಇರೋದರಿಂದ 1.15 ಸಾಕು. ‘ಎಗ್ಸಾಕ್ಟ್ಲಿ’ ಆಯ್ಕೆ ಮಾತ್ರ ಮುಟ್ಟಬ್ಯಾಡ್ರಿ, ಒಂದು ಪುಟಕ್ಕೆ ಹಿಡಿಸಬೇಕು ಅಂತ ಅದನ್ನು ಒತ್ತಿದಲ್ಲೇ ಅಕ್ಷರದ ತಲೆ ಹಾರೋದು.

ಇನ್ನು ಎ4 ಪುಟದ ಸಂಗತಿ. ಊರ ಗ್ರೂಪುಗಳಲ್ಲಿ ಬರುವ ಪ್ರಕಟಣೆ ಬಹುಪಾಲು ಎ4 ಪಿಡಿಎಫ್. ಆ ಪುಟದ ಅಗಲ 210 ಮಿಲಿಮೀಟರ್, ಮೊಬೈಲ್ ಪರದೆಯದು ಸುಮಾರು 68. ಅಂದರೆ ಪುಟ ಮೂರನೇ ಒಂದು ಪಾಲಿಗೆ ಕುಗ್ಗಿ, ನೀವು 12 ಪಾಯಿಂಟಿನಲ್ಲಿ ಟೈಪ್ ಮಾಡಿದ್ದು 4 ಪಾಯಿಂಟ್ ಆಗಿ ಕೈಗೆ ಬರ್ತದೆ. ಬೆರಳಿಂದ ಹಿಗ್ಗಿಸಿದರೆ ಸಾಲು ಪರದೆ ದಾಟ್ತದೆ, ಪ್ರತಿ ಸಾಲಿಗೂ ಎಡ-ಬಲ ಎಳೀಬೇಕು. ಇದರ ಬದಲು ಪುಟದ ಅಳತೆಯನ್ನೇ 10.8 × 19.2 ಸೆಂಟಿಮೀಟರ್ ಮಾಡಿ 16 ಪಾಯಿಂಟಿನಲ್ಲಿ ಟೈಪ್ ಮಾಡ್ರಿ, ಕುಗ್ಗಿದ ಮೇಲೂ 10 ಪಾಯಿಂಟ್ ಉಳೀತದೆ. ಅದಕ್ಕಿಂತ ಒಳ್ಳೇದು, ಸಂದೇಶದಲ್ಲೇ ಯೂನಿಕೋಡ್ ಪಠ್ಯ ಹಾಕೋದು. ಹಳೇ ನುಡಿ, ಬರಹ ಫಾಂಟಿನ ಆಸ್ಕಿ ಎನ್‌ಕೋಡಿಂಗ್‌ನಲ್ಲಿ ಮಾಡಿದ ಪಿಡಿಎಫ್ ನೋಡಲು ಚೆಂದ, ಆದರೆ ಅದರಿಂದ ಕಾಪಿ ಮಾಡಿದರೆ ಬರೋದು ಅರ್ಥವಿಲ್ಲದ ಚಿಹ್ನೆ. ಹುಡುಕಲು ಬರಲ್ಲ, ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಅದನ್ನು ಸರಿಯಾಗಿ ಓದಲ್ಲ.

ಚಿತ್ರವನ್ನೇ ಮಾಡಬೇಕಾದರೆ 1080 ಪಿಕ್ಸೆಲ್ ಅಗಲಕ್ಕೆ ಅಕ್ಷರ 48 ಪಿಕ್ಸೆಲ್‌ಗಿಂತ ಕೆಳಗಿಳಿಸಬ್ಯಾಡ್ರಿ. ವಾಟ್ಸಾಪ್ ಚಿತ್ರವನ್ನು ಹಿಂಡಿ ಕಳಸ್ತದೆ. ಹಿಂಡಿದಾಗ ಮೊದಲು ಅಳಿಸೋದು ಮಹಾಪ್ರಾಣದ ಪುಟ್ಟ ಗೀಟು. ‘ಧನಸಹಾಯ’ದ ಧಕಾರ ದಕಾರವಾಗಿ, ಧನ ಹೋಗಿ ದನ ಕಾಣಸ್ತದೆ. ಫಾಂಟಿನಲ್ಲಿ ದಪ್ಪ ರೂಪ ಇಲ್ಲದಾಗ ಯಂತ್ರವೇ ಬಳಿಯುವ ಹುಸಿ ದಪ್ಪದಲ್ಲೂ ಇದೇ ಗತಿ: ಠಕಾರದ ಹೊಟ್ಟೆಯ ಚುಕ್ಕೆ ತುಂಬಿಕೊಂಡು ಹೋಗ್ತದೆ. ದಪ್ಪ ಬೇಕಾದರೆ ನಿಜವಾದ ಬೋಲ್ಡ್ ಇರುವ ಫಾಂಟ್ ಆರಿಸ್ರಿ. ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡ ಎರಡೂ ಪುಕ್ಕಟೆ ಸಿಗ್ತಾವೆ, ಎರಡರಲ್ಲೂ ಹಲವು ತೂಕ, ಅಂದರೆ ದಪ್ಪದ ಮಟ್ಟ, ಅದಾವೆ. ಸೈಟಿನಲ್ಲಿ ಬರೇ ರೊಬೊಟೊ, ಏರಿಯಲ್ ಅಂತ ಬರೆದು ಬಿಟ್ಟರೆ ಅವುಗಳಲ್ಲಿ ಕನ್ನಡವೇ ಇಲ್ಲ. ಆಂಡ್ರಾಯ್ಡ್ ಒಂದು ಕನ್ನಡ ಫಾಂಟ್ ಹಾಕ್ತದೆ, ವಿಂಡೋಸ್ ನಿರ್ಮಲಾ ಹಾಕ್ತದೆ, ಹಳೇ ವಿಂಡೋಸ್ ತುಂಗಾ ಹಾಕ್ತದೆ. ತುಂಗಾ ಅದೇ ಅಳತೆಗೂ ಸಣ್ಣಗೆ ಕಾಣುವ ಫಾಂಟ್. ಫಾಂಟ್ ಫೈಲ್ ಹಗುರ ಮಾಡಲು ಬೇಡದ ಅಕ್ಷರ ತೆಗೆಯುವಾಗ ಕಣ್ಣಿಗೆ ಕಾಣದ ಜೋಡಕ (ZWJ), ಬೇರ್ಪಡಕ (ZWNJ) ಸಂಕೇತ ಎರಡನ್ನೂ, ₹ ಚಿಹ್ನೆಯನ್ನೂ ಉಳಿಸಿಕೊಳ್ರಿ. ಅಕ್ಷರಗಳ ನಡುವೆ ಅಂತರ ಹೆಚ್ಚಿಸುವ ಲೆಟರ್‌ಸ್ಪೇಸಿಂಗ್ ಸೊನ್ನೆಯೇ ಇರಲಿ, ಇಲ್ಲಾಂದರೆ ಕೆಲವು ತಂತ್ರಾಂಶದಲ್ಲಿ ದೀರ್ಘ ಒಂದು ಕಡೆ, ಅರ್ಕಾವೊತ್ತು ಒಂದು ಕಡೆ ಚದುರಿ ನಿಲ್ತಾವೆ.

ಎರಡೂ ಅಂಚು ಸಮ ಮಾಡುವ ಜಸ್ಟಿಫೈ ಬಗ್ಗೆ ನನಗೆ ನಿಜಕ್ಕೂ ಸಂಕಟ ಅದ. ಮುದ್ರಿತ ಪುಸ್ತಕದ ಅಗಲ ಸಾಲಿಗೆ ಅದು ಒಪ್ತದೆ. ಮೊಬೈಲಿನಲ್ಲಿ 18 ಪಿಕ್ಸೆಲ್ ಅಕ್ಷರಕ್ಕೆ ಸಾಲಿಗೆ ನಾಲ್ಕೈದು ಪದ. ‘ಹೋಗಬೇಕಾಗಿದ್ದರಿಂದ’ ಅನ್ನೋ ಪದ ಹಿಡಿಸದೆ ಕೆಳಗಿಳಿದರೆ ಮೇಲೆ ಉಳಿದ ಮೂರು ಪದಗಳನ್ನು ಎಳೆದು ಹಿಗ್ಗಿಸ್ತದೆ, ನಡುವೆ ಬಾವಿಯಂಥ ತೆರವು. ಎಡ ಅಂಚು ಸಮ, ಬಲ ಅಂಚು ಹೆಂಗರ ಇರಲಿ. ಕಂಪ್ಯೂಟರಿನಲ್ಲಿ ತೊಂದರೆ ಉಲ್ಟಾ, ಸಾಲು ಪರದೆ ತುಂಬಾ ಹರೀತದೆ. ಅಗಲವನ್ನು 36 ಇಎಂಗೆ (ಒಂದು ಇಎಂ ಅಂದರೆ ಅಕ್ಷರದ ಅಳತೆಯಷ್ಟು) ಕಟ್ಟಿದರೆ ಎಂಟೊಂಬತ್ತು ಪದ ಕೂಡ್ತಾವೆ, ಕಣ್ಣು ಮುಂದಿನ ಸಾಲು ತಪ್ಪಲ್ಲ.

ಬೆಳಗಾವಿ ಕಡೆ ಕನ್ನಡ-ಮರಾಠಿ ಒಂದೇ ಪುಟದಲ್ಲಿ ಬರ್ತಾವೆ. ದೇವನಾಗರಿ ಶಿರೋರೇಖೆಯಿಂದ ಜೋತು ಬೀಳುವ ಲಿಪಿ, ನಮ್ಮದು ತಳದ ಮೇಲೆ ಕೂಡುವ ಲಿಪಿ. ಎರಡಕ್ಕೂ 16 ಅಂತ ಕೊಟ್ಟ ಮಾತ್ರಕ್ಕೆ ಸಮ ಕಾಣಲ್ಲ. ಎರಡೂ ಲಿಪಿಯ ಮಕಾರ ಪಕ್ಕಪಕ್ಕ ಇಟ್ಟು ಎತ್ತರ ಕೂಡುವ ತನಕ ಒಂದನ್ನು ಹೆಚ್ಚು ಕಡಿಮೆ ಮಾಡ್ರಿ. ಆಯಾ ಭಾಗಕ್ಕೆ ಭಾಷೆಯ ಗುರುತನ್ನೂ ಕೋಡಿನಲ್ಲಿ ಹಾಕ್ರಿ. ಆಗ ಓದಿ ಹೇಳುವ ತಂತ್ರಾಂಶ ಸರಿಯಾದ ದನಿ ಆರಿಸ್ತದೆ, ಆ ರೂಪ ಇರುವ ಫಾಂಟಾದರೆ ಮರಾಠಿಯ ಲಕಾರ, ಶಕಾರ ಹಿಂದಿಯದ್ದಾಗದೆ ಮರಾಠಿಯದ್ದೇ ಮೂಡ್ತಾವೆ.

ನವೆಂಬರ್ 1 ಬಂತಂದರೆ ಹಳದಿ ಮೇಲೆ ಕೆಂಪು. ಬಾವುಟದ ಬಣ್ಣ, ಬ್ಯಾಡ ಅನ್ನಲ್ಲ. ಆದರೆ ಅಪ್ಪಟ ಹಳದಿ ಮೇಲೆ ಅಪ್ಪಟ ಕೆಂಪಿನ ಕಾಂಟ್ರಾಸ್ಟ್, ಅಂದರೆ ಅಕ್ಷರ-ಹಿನ್ನೆಲೆಯ ಹೊಳಪಿನ ಅನುಪಾತ, ಸುಮಾರು 3.7. ದೊಡ್ಡ ಶೀರ್ಷಿಕೆಗೆ ಬೇಕಾದ್ದು 3, ಸಣ್ಣ ಬರಹಕ್ಕೆ ಬೇಕಾದ್ದು 4.5. ಶೀರ್ಷಿಕೆ ಹಾಗೇ ಇರಲಿ, ಒಳಬರಹದ ಕೆಂಪನ್ನು ಬಣ್ಣದ ಸಂಕೇತದಲ್ಲಿ 255ರಿಂದ 176ಕ್ಕೆ ಇಳಿಸ್ರಿ, ಕಾಂಟ್ರಾಸ್ಟ್ ಸುಮಾರು 6.9ಕ್ಕೆ ಏರ್ತದೆ. ಬಾವುಟವೂ ಉಳೀತದೆ, ಅಕ್ಷರವೂ ಉಳೀತದೆ.

ಕೊನೆಗೆ ವಚನ. ಫ.ಗು. ಹಳಕಟ್ಟಿಯವರು ವಚನಗಳನ್ನು ಅಚ್ಚಿನಲ್ಲಿ ಉಳಿಸಲು 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದ ಊರು ವಿಜಯಪುರ. ಇವತ್ತು ಅದೇ ವಚನ ಮೊಬೈಲಿನಲ್ಲಿ ಹೆಂಗ ಕಾಣಸ್ತದೆ ಅಂದರೆ, ಸಾಲು ಪರದೆಗೆ ಹಿಡಿಸದೆ ಕೊನೆಯ ಒಂದು ಪದ ಕೆಳಗೆ ಬಿದ್ದು, ಅದೇ ಹೊಸ ಸಾಲು ಅನ್ನಿಸ್ತದೆ. ಎಲ್ಲಿ ನಿಲ್ಲಿಸಿ ಓದಬೇಕು ಅನ್ನೋದೇ ಕೆಡ್ತದೆ. ಮಧ್ಯಕ್ಕೆ ಜೋಡಿಸಿದರಂತೂ ಸಾಲಿನ ಶುರು ಎಲ್ಲಿ ಅಂತಲೇ ತಿಳಿಯಲ್ಲ. ಎಡಕ್ಕೇ ಜೋಡಿಸಿ, ಪ್ರತಿ ಸಾಲನ್ನೂ ಬೇರೆ ಪ್ಯಾರಾ ಮಾಡಿ ಎಡ ಪ್ಯಾಡಿಂಗ್ 1.5 ಇಎಂ, ಟೆಕ್ಸ್ಟ್ ಇಂಡೆಂಟ್ ಮೈನಸ್ 1.5 ಇಎಂ ಕೊಡ್ರಿ. ವರ್ಡ್‌ನಲ್ಲಿ ಇದಕ್ಕೆ ಹ್ಯಾಂಗಿಂಗ್ ಅಂತಾರೆ. ಮುರಿದ ತುಂಡು ಒಳಗೆ ಸರಿದು ನಿಲ್ತದೆ, ಶರಣರ ಸಾಲು ಎಡ ಅಂಚಿನಿಂದ ಶುರುವಾಗ್ತದೆ.