ಕೂತು ನೋಡುವುದಕ್ಕೊಂದು ಸ್ಟೂಲು

ಈ ಸಲ ಸಂಕ್ರಾಂತಿಗೆ ಊರಿಗೆ ಹೊರಟಾಗ ಸೂಟ್‌ಕೇಸಿನಲ್ಲಿ ಎಂದಿನ ಚಾಕೊಲೇಟು, ಅತ್ತಿಗೆಗೊಂದು ಸೆಂಟ್ ಬಾಟಲಿ, ಅಮ್ಮನ ಮಂಡಿಗೆ ಕಟ್ಟುವ ಪಟ್ಟಿ, ಇವುಗಳ ಜೊತೆಗೆ ಒಂದು ಮಡಚುವ ಸ್ಟೂಲೂ ಇತ್ತು. ಅಲ್ಯೂಮಿನಿಯಂ ಕಾಲು, ಕ್ಯಾನ್ವಾಸ್ ಸೀಟು. ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರು ಅದನ್ನು ತಿರುಗಿಯೂ ನೋಡಲಿಲ್ಲ. ವಿಚಾರಣೆ ನಡೆದದ್ದು ಕೋಲಾರದ ಕಡೆಯ ಒಂದು ಹಳೇ ದೇವಸ್ಥಾನದಲ್ಲಿ. ಹೆಸರು ಬೇಡ, ನಾಳೆ ನಮ್ಮ ಮನೆಯವರು ಅವರ ಮುಖ ನೋಡಬೇಕು.

ಮಂಟಪದ ಒಂದು ಮೂಲೆಯಲ್ಲಿ ಸ್ಟೂಲು ಬಿಡಿಸಿಕೊಂಡು, ಕಂಬದ ಮೇಲಿದ್ದ ಯಾಳಿಯನ್ನು, ಅಂದರೆ ಸಿಂಹದಂಥ ಆ ಕಲ್ಪನೆಯ ಮೃಗವನ್ನು, ನೋಟ್‌ಬುಕ್ಕಿನಲ್ಲಿ ಗೀಚುತ್ತಿದ್ದೆ. ನನ್ನ ಕೈ ಅಷ್ಟಕ್ಕಷ್ಟೆ; ಯಾಳಿ ಹೋಗಿ ನಾಯಿಮರಿ ಆಗಿತ್ತು. ಅಷ್ಟರಲ್ಲಿ ಹೆಗಲ ಮೇಲೆ ಟವಲ್ ಹಾಕಿಕೊಂಡ ಯಜಮಾನರೊಬ್ಬರು ಬಂದರು. "ಯಾವೂರು? ಯಾರ ಕಡೆಯೋರು? ಏನು ಬರ್ಕೋತಿದೀರ? ಪರ್ಮಿಷನ್ ತಗೊಂಡಿದೀರಾ?" ಸುಮ್ಮನೆ ನೋಡ್ತಾ ಇದೀನಿ ಅಂದೆ. "ಮಂಗಳಾರತಿ ಆಯ್ತು, ತೀರ್ಥ ತಗೊಂಡ್ರಿ. ಇನ್ನೇನು ನೋಡೋದು?"

ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ "ಇನ್ನೇನು" ಇದೆಯಲ್ಲ, ಅದು ಮನೆ ಸೇರುವ ತನಕ ಕಿವಿಯಲ್ಲೇ ಕೂತಿತ್ತು.

ಸ್ಟೂಲಿನ ಹುಚ್ಚು ಹತ್ತಿದ್ದು ಕೋವಿಡ್‌ಗೆ ಹಿಂದಿನ ವರ್ಷ, ಅಮ್ಮ ನನ್ನ ಹತ್ತಿರ ಬರ್ಮಿಂಗ್‌ಹ್ಯಾಮ್‌ಗೆ ಬಂದಿದ್ದಾಗ. ಲಂಡನ್ ತೋರಿಸೋಣ ಅಂತ ಬೆಳಗಿನ ಕೋಚ್ ಹತ್ತಿಸಿದೆ. ಅರಮನೆಯನ್ನು ಗೇಟಿನಾಚೆಯಿಂದ ನೋಡಿದ್ದಾಯಿತು, ಗಡಿಯಾರದ ಗೋಪುರ ಆಯಿತು. ನದಿ ದಂಡೆಯ ದೊಡ್ಡ ಚಕ್ರಕ್ಕೆ ಎಷ್ಟು ಅಂತ ಕೇಳಿ, ರೂಪಾಯಿಗೆ ಲೆಕ್ಕ ಹಾಕಿ, ಅಮ್ಮ ಚಕ್ರಕ್ಕೆ ಕೆಳಗಿನಿಂದಲೇ ಕೈ ಮುಗಿದಳು. ಅಷ್ಟೊತ್ತಿಗೆ ಮಳೆ. ಸೌತ್ ಕೆನ್ಸಿಂಗ್ಟನ್ ಸ್ಟೇಷನ್ನಿನಿಂದ ಸುರಂಗದಲ್ಲೇ ನಡೆಸಿಕೊಂಡು ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿಗೆ ನುಗ್ಗಿದೆ. ನಿಜ ಹೇಳಬೇಕೆಂದರೆ ಕಲೆಗಾಗಿ ಅಲ್ಲ, ಸೂರಿಗಾಗಿ.

"ಟಿಕೆಟ್ ಎಲ್ಲಿ?"

"ಟಿಕೆಟ್ ಇಲ್ಲಮ್ಮ."

"ಊರಿಕೇನಾ?"

ಪುಕ್ಕಟೆಯಾ ಅಂತ. ನಮ್ಮ ಕಡೆಯವರಿಗೆ ಲೆಕ್ಕ ಕನ್ನಡದಲ್ಲಿ, ಅಚ್ಚರಿ ತೆಲುಗಿನಲ್ಲಿ. ಅಮ್ಮ ಅಷ್ಟಕ್ಕೇ ಒಳಗೆ ಬರಲಿಲ್ಲ. ಪುಕ್ಕಟೆ ಒಳಗೆ ಬಿಟ್ಟು ಹೊರಗೆ ಹೋಗುವಾಗ ವಸೂಲಿ ಮಾಡುತ್ತಾರೇನೋ ಎಂಬ ಗುಮಾನಿ. ಕಾಣಿಕೆಯ ಪೆಟ್ಟಿಗೆ ಕಣ್ಣಿಗೆ ಬಿದ್ದ ಮೇಲೇ ಮುಖ ಸಡಿಲವಾಗಿದ್ದು. "ಹುಂಡಿ ಇದೆಯಲ್ಲ, ಹಂಗಂದ್ರೆ ಸರಿ." ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನ ಮುಂದೆ ನೆಲದೊಳಗಿನ ಹುಂಡಿಗೆ ಕಾಸು ಬಿಟ್ಟು ಸದ್ದು ಕೇಳಿಸಿಕೊಂಡು ಬೆಳೆದವಳು. ಶಾಸ್ತ್ರಕ್ಕೆ ಅಂತ ಒಂದು ಪೌಂಡ್ ಹಾಕಿ ಮುಂದೆ ನಡೆದಳು.

ಇಲ್ಲಿನ ರಾಷ್ಟ್ರೀಯ ಮ್ಯೂಸಿಯಮ್ಮುಗಳಿಗೆ ಪ್ರವೇಶ ಶುಲ್ಕ ತೆಗೆದದ್ದು 2001ರ ಡಿಸೆಂಬರ್‌ನಲ್ಲಿ. ಅದಕ್ಕೆ ಮುಂಚೆ ಇದೇ ಮ್ಯೂಸಿಯಮ್ಮಿನವರೂ ಕೆಲವು ವರ್ಷ ದುಡ್ಡು ತೆಗೆದುಕೊಳ್ಳುತ್ತಿದ್ದರು. ಆದರೆ ನನ್ನನ್ನು ಹಿಡಿದದ್ದು ಉಳಿದ ದುಡ್ಡಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಇಂಟರ್‌ವ್ಯೂ ಕೆಟ್ಟು, ವಾಪಸ್ ಹೋಗುವ ರೈಲಿಗೆ ಮೂರು ಗಂಟೆ ಇತ್ತು. ಟ್ರಫಾಲ್ಗರ್ ಚೌಕದ ನ್ಯಾಷನಲ್ ಗ್ಯಾಲರಿಯೊಳಗೆ ಹೋಗಿ, ವ್ಯಾನ್ ಗೋ 1888ರಲ್ಲಿ ಬರೆದ ಸೂರ್ಯಕಾಂತಿ ಹೂಗಳ ಮುಂದೆ ನಿಂತೆ, ಆಮೇಲೆ ಬೆಂಚು ಹುಡುಕಿ ಕೂತೆ, ಮತ್ತೆ ಹೋಗಿ ನಿಂತೆ. ಅರ್ಧ ಹೂವು ಬಾಡಿದ್ದವು. ಯಾವೂರು ಅಂತ ಯಾರೂ ಕೇಳಲಿಲ್ಲ. ನೋಡಿದ್ದು ಮುಗೀತಾ ಅಂತಲೂ ಕೇಳಲಿಲ್ಲ.

ಅಮ್ಮ ನಿಂತಿದ್ದು ಟಿಪ್ಪುವಿನ ಹುಲಿಯ ಮುಂದೆ. ಬಣ್ಣ ಬಳಿದ ಮರದ ಹುಲಿ, ಅದರ ಕೆಳಗೆ ಅಂಗಾತ ಬಿದ್ದ ಕೆಂಪು ಕೋಟಿನ ಬಿಳಿಯ. ಒಳಗೆ ಕೊಳವೆಗಳಿವೆ, ಪಕ್ಕದ ಹಿಡಿ ತಿರುಗಿಸಿದರೆ ಹುಲಿ ಗುರುಗುಡಬೇಕು, ಬಿದ್ದವನು ನರಳಿ ಕೈ ಎತ್ತಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊತ್ತು ತಂದದ್ದು. "ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ ಅಲ್ವೇನೋ?" ಅಂದಳು. ಹೌದಮ್ಮ ಅಂದೆ. "ಹಂಗಾದ್ರೆ ಇದು ನಮ್ಮೋರ ಮನೆ ಸಾಮಾನು." ಅಲ್ಲಿಂದ ಅರ್ಧ ಗಂಟೆ ಅಲ್ಲಾಡಲಿಲ್ಲ. ಪಕ್ಕದಲ್ಲೇ ಸ್ಕೂಲು ಮಕ್ಕಳು ನೆಲದ ಮೇಲೆ ಹೊಟ್ಟೆ ಹಾಕಿಕೊಂಡು ಹುಲಿಯ ಚಿತ್ರ ಬರೆಯುತ್ತಿದ್ದರು, ಒಂದು ಮಗುವಿನ ಹುಲಿ ನಗುತ್ತಿತ್ತು. ಕಾಲೇಜಿನ ಹುಡುಗಿಯೊಬ್ಬಳು ಮಡಚುವ ಸ್ಟೂಲು ತಂದು ಹಾಕಿಕೊಂಡು, ಹುಲಿಯ ಒಂದು ಪಂಜವನ್ನಷ್ಟೇ ಹತ್ತು ಸಲ ಬರೆದಳು. ಬರೀ ಪಂಜ! ಆ ವಾರವೇ ನಾನು ಅಂಥದ್ದೇ ಸ್ಟೂಲು ಕೊಂಡೆ.

ಈಗ ನಮ್ಮ ಕಡೆಗೆ ಬನ್ನಿ. ಕೋಲಾರದ ಸೋಮೇಶ್ವರನ ಕಲ್ಯಾಣ ಮಂಟಪದ ಕಂಬಗಳನ್ನು ನೋಡಿ, ವಿಜಯನಗರದ ಕಾಲದ ಕೆಲಸ, ಬೆರಳು ತೂರಿಸುವಷ್ಟು ಜಾಗವನ್ನೂ ಶಿಲ್ಪಿ ಖಾಲಿ ಬಿಟ್ಟಿಲ್ಲ. ಆವಣಿಯಲ್ಲಿ ನೊಳಂಬ ಅರಸರ ಕಾಲದ ಗುಡಿಗಳು, ರಾಮನಿಂದ ಶತ್ರುಘ್ನನವರೆಗೆ ಅಣ್ಣತಮ್ಮಂದಿರ ಹೆಸರಲ್ಲಿ ಸಾಲಾಗಿ ನಿಂತಿವೆ. ನಂದಿಯ ಭೋಗನಂದೀಶ್ವರ ಇದೆ. ಇದಕ್ಕೆಲ್ಲ ಟಿಕೆಟ್ಟಿಲ್ಲ, ಲಂಡನ್ನಿಗಿಂತ ಎಷ್ಟೋ ಶತಮಾನ ಮೊದಲೇ ನಮ್ಮದು ಪುಕ್ಕಟೆ. ಆದರೆ ನಮಗೆ ಗೊತ್ತಿರುವುದು ದರ್ಶನ. ಕಂಬ ಇರುವುದು ಒರಗುವುದಕ್ಕೆ. ಹೈಸ್ಕೂಲಿನಲ್ಲಿ ಭೋಗನಂದೀಶ್ವರಕ್ಕೆ ಟೂರ್ ಹೋಗಿದ್ದೆವು. ಮೇಷ್ಟ್ರು ಪೀಪಿ ಊದಿದರು, ಎರಡೆರಡು ಸಾಲಿನಲ್ಲಿ ಒಳಗೆ ಹೋಗಿ ಎರಡೆರಡು ಸಾಲಿನಲ್ಲಿ ಹೊರಗೆ ಬಂದೆವು, ಮರದ ಕೆಳಗೆ ಚಿತ್ರಾನ್ನ ತಿಂದೆವು. ನನ್ನ ನೆನಪಿನಲ್ಲಿ ಉಳಿದಿರುವುದು ಚಿತ್ರಾನ್ನ. ಆ ಮದುವೆ ಮಂಟಪದ ಕರಿಕಲ್ಲಿನ ಕಂಬಗಳನ್ನು ನಾನು ಸರಿಯಾಗಿ ನೋಡಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಅದೂ ಇಂಗ್ಲಿಷ್ ಸಹೋದ್ಯೋಗಿಯೊಬ್ಬನಿಗೆ ತೋರಿಸಲು ಹೋಗಿ. ಇಂಥ ಕಡೆಯ ಪುರಾತತ್ವ ಇಲಾಖೆಯ ನೀಲಿ ಬೋರ್ಡುಗಳನ್ನೂ ಓದಿದ್ದೇನೆ. ಹಾಳು ಮಾಡಿದರೆ ಏನು ಶಿಕ್ಷೆ ಅಂತ ಸ್ಪಷ್ಟವಾಗಿರುತ್ತದೆ. ನೋಡಿದರೆ ಏನು ಸಿಗುತ್ತದೆ ಅಂತ ಒಂದು ಸಾಲಿಲ್ಲ.

ಇದನ್ನೆಲ್ಲ ಅವತ್ತು ರಾತ್ರಿ ಊಟಕ್ಕೆ ಕೂತಾಗ ಅಣ್ಣನ ಮುಂದೆ ಕಾರಿಕೊಂಡೆ. ಅವನು ಮುದ್ದೆ ಮುರಿಯುತ್ತಾ ಒಂದೇ ಪ್ರಶ್ನೆ ಕೇಳಿದ: "ಕೂತಿದ್ಯಲ್ಲ, ನಿನ್ನ ಬೆನ್ನು ಯಾವ ಕಡೆ ಇತ್ತು?"

ಯೋಚಿಸಿದೆ. ಗರ್ಭಗುಡಿಯ ಕಡೆ ಇತ್ತು. ಯಾಳಿಗೆ ಬೆಳಕು ಚೆನ್ನಾಗಿ ಬೀಳುತ್ತಿದ್ದದ್ದು ಆ ದಿಕ್ಕಿನಿಂದಲೇ. ಅಮ್ಮನವರಿಗೆ ಬೆನ್ನು ಹಾಕಿ, ಅದೂ ಎತ್ತರದಲ್ಲಿ ಕೂತವನನ್ನು ಆ ಯಜಮಾನರು ಇನ್ನೂ ಮರ್ಯಾದೆಯಿಂದಲೇ ಮಾತಾಡಿಸಿದರು ಅಂತ ಒಪ್ಪಬೇಕು. ಮ್ಯೂಸಿಯಮ್ಮಿನ ಹುಲಿಗೆ ಯಾರೂ ದಿನಾ ನೈವೇದ್ಯ ಇಡುವುದಿಲ್ಲ.

ಇನ್ನೂ ಒಂದಿಷ್ಟು ಒಪ್ಪಿಕೊಳ್ಳುವುದಿದೆ, ಹೇಳಿಬಿಡುತ್ತೇನೆ. ಲಂಡನ್ನಿನಲ್ಲೂ ವಿಶೇಷ ಪ್ರದರ್ಶನಗಳಿಗೆ ಟಿಕೆಟ್ಟಿದೆ, ಮತ್ತು ಅಲ್ಲಿಗೆ ಹೋಗುವ ರೈಲಿನ ಚಾರ್ಜಿನಲ್ಲಿ ಕೋಲಾರದಲ್ಲಿ ವಾರದ ಸಂತೆ ಆಗುತ್ತದೆ. ಹುಲಿಯ ವಿಷಯಕ್ಕೆ ಬಂದರೆ, ವಾಪಸ್ ಬರುವಾಗ ಕೋಚಿನಲ್ಲಿ ಅಮ್ಮ ಹೇಳಿದ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ: "ಅವರೇನು ದುಡ್ಡು ಕೊಟ್ಟು ತಂದಿದ್ರಾ, ಟಿಕೆಟ್ ಇಡೋಕೆ?"

ಹಾಗೇ ಈ ಸಲದ ರಜೆಯಲ್ಲೇ ಮಾವನ ಹಳ್ಳಿಯಲ್ಲಿ ಪೌರಾಣಿಕ ನಾಟಕ ಇತ್ತು. ಬಾಡಿಗೆ ಸೀನರಿ, ಬಾಡಿಗೆ ಕಿರೀಟ, ಕಾಲು ಪೆಡಲಿನ ಹಾರ್ಮೋನಿಯಂ. ರಾತ್ರಿ ಹತ್ತಕ್ಕೆ ಶುರುವಾಗಿದ್ದು ಬೆಳಗಾದರೂ ಮುಗಿಯಲಿಲ್ಲ. ನೋಡುವವರಿಗೆ ಕಾಸಿಲ್ಲ, ಪಾತ್ರ ಮಾಡುವವನೇ ದುಡ್ಡು ಕಟ್ಟಬೇಕು. ದುರ್ಯೋಧನನದು ದುಬಾರಿ ಪಾತ್ರ, ಈ ಸಲ ಟೊಮೆಟೊ ಬೆಳೆದು ಕೈ ತುಂಬಿದವನೊಬ್ಬ ಹಿಡಿದಿದ್ದ. ಅವನು ಒಂದೊಂದು ಪದ್ಯವನ್ನೂ ಕೊಟ್ಟ ದುಡ್ಡಿನ ಉದ್ದಕ್ಕೆ ಎಳೆದ. ಜನ ಚಾಪೆ ಹಾಸಿಕೊಂಡು ನೋಡಿದರು, ನಿದ್ದೆ ಮಾಡಿದರು, ಎದ್ದು ಮತ್ತೆ ನೋಡಿದರು. ಕೋಲಾರದ ಪಕ್ಕ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದವರು ನಡೆಸಿಕೊಂಡು ಬಂದ ಹುಣ್ಣಿಮೆ ಹಾಡಿಗೂ ಒಂದು ಸಲ ಹೋಗಿದ್ದೆ, ಅಲ್ಲಿ ಬಂಡೆಯೇ ಗ್ಯಾಲರಿ, ಚಂದ್ರನದೇ ಲೈಟು. ಎರಡೂ ಕಡೆ "ಇನ್ನೇನು" ಅಂತ ಯಾರೂ ಕೇಳಲಿಲ್ಲ. ಅಂದರೆ ನಮಗೆ ಕೂತು ನೋಡುವುದು ಬರುವುದಿಲ್ಲ ಅಂತಲ್ಲ. ಕಲ್ಲಿನ ಮುಂದೆ ಮಾತ್ರ ಯಾಕೆ ಇಷ್ಟು ಅವಸರವೋ ನನಗಿನ್ನೂ ತಿಳಿದಿಲ್ಲ.

ಸ್ಟೂಲನ್ನು ವಾಪಸ್ ತರಲಿಲ್ಲ, ಸೂಟ್‌ಕೇಸಿನಲ್ಲಿ ಹುರಿಟ್ಟು, ಉಪ್ಪಿನಕಾಯಿಗೆ ಜಾಗ ಬೇಕಿತ್ತು. ಹೋದ ವಾರ ವಿಡಿಯೊ ಕಾಲ್ ಮಾಡಿದಾಗ ಅಮ್ಮ ಅಂಗಳದಲ್ಲಿ ಅದರ ಮೇಲೆ ಕೂತು, ಮುಂದೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. "ಎತ್ತರ ಸರಿಯಾಗಿದೆ ಕಣೋ, ಮಂಡಿ ನೋಯಲ್ಲ. ಬರೋವಾಗ ಇನ್ನೊಂದು ತಗೊಂಡು ಬಾ, ನಾಟಕಕ್ಕೆ ಹೋದ್ರೆ ನಿಮ್ಮಪ್ಪನಿಗೆ ನೆಲದ ಮೇಲೆ ಕೂರೋಕಾಗಲ್ಲ."