ಡಿಎಗೆ ಮೂರನೇ ಅವಧಿ ಕೊಡಿ, ಆದರೆ ಈಗ ಕುರ್ಚಿಯಲ್ಲಿರುವವರಿಗಲ್ಲ

ನಮ್ಮ ಕಡೆ ಪಬ್ಲಿಕ್ ಪ್ರಾಸಿಕ್ಯೂಟರ್ ಯಾರೂ ಓಟು ಕೇಳಿಕೊಂಡು ಮನೆಬಾಗಿಲಿಗೆ ಬರುವುದಿಲ್ಲ. ಅವರು ಇಲಾಖೆಯ ಕೇಡರ್‌ನಿಂದ ಬರುತ್ತಾರೆ, ಇಲ್ಲವೇ ಕನಿಷ್ಠ 7 ವರ್ಷ ವಕೀಲಿಕೆ ಮಾಡಿದವರನ್ನು ಸರ್ಕಾರ ನೇಮಿಸುತ್ತದೆ. ಅಮೆರಿಕದ ಬಹುಪಾಲು ರಾಜ್ಯಗಳಲ್ಲಿ ಹಾಗಲ್ಲ. ಅಲ್ಲಿ ಡಿಸ್ಟ್ರಿಕ್ಟ್ ಅಟಾರ್ನಿಯನ್ನು (ಎಲ್ಲರ ಬಾಯಲ್ಲೂ ‘ಡಿಎ’) ಜನರೇ ಆರಿಸುತ್ತಾರೆ. ಯಾರ ಮೇಲೆ ಕೇಸ್ ಹಾಕಬೇಕು, ಯಾವ ಕಲಂ ಹಚ್ಚಬೇಕು, ಯಾರ ಜೊತೆ ತಪ್ಪೊಪ್ಪಿಗೆಯ ಒಪ್ಪಂದ ಮಾಡಿಕೊಳ್ಳಬೇಕು ಎನ್ನುವುದೆಲ್ಲ ಆ ಒಬ್ಬರ ಕೈಯಲ್ಲಿರುತ್ತದೆ. ಅಷ್ಟು ಅಧಿಕಾರ ಒಬ್ಬರ ಬಳಿ ಎಷ್ಟು ವರ್ಷ ಇರಬೇಕು ಎಂಬುದೇ ಇಲ್ಲಿರುವ ಪ್ರಶ್ನೆ. ಕೊಲರಾಡೋ ರಾಜ್ಯದಲ್ಲಿ ಡಿಎಗಳ ಎರಡು ಅವಧಿಯ ಮಿತಿಯನ್ನು ಮೂರಕ್ಕೆ ಏರಿಸಬೇಕೆ ಎಂದು ಸ್ಥಳೀಯ ಮತದಾರರನ್ನೇ ಕೇಳುವುದುಂಟು, ಈ ಬರಹ ಅದರ ಬಗ್ಗೆ.

ಕೊಲರಾಡೋದಲ್ಲಿ 1994ರ ಸಂವಿಧಾನ ತಿದ್ದುಪಡಿ ಸ್ಥಳೀಯ ಚುನಾಯಿತರಿಗೆ ಸತತ ಎರಡು ಅವಧಿಯ ಮಿತಿ ಹಾಕಿತು. ಡಿಎ ಅವಧಿ 4 ವರ್ಷ, ಹಾಗಾಗಿ ಒಟ್ಟು 8. ನಡುವೆ ಕನಿಷ್ಠ 4 ವರ್ಷ ಬಿಡುವಾದರೆ ಮತ್ತೆ ನಿಲ್ಲಬಹುದು. ಡಿಎಗಳಿಗೆ ಈ ಮಿತಿಯಿಂದ ವಿನಾಯಿತಿ ಕೊಡೋಣ ಎಂದು 2002ರಲ್ಲಿ ಇಡೀ ರಾಜ್ಯದ ಮತದಾರರನ್ನು ಕೇಳಿದರು, ಜನ ಒಪ್ಪಲಿಲ್ಲ. ಆದರೆ ಅದೇ ತಿದ್ದುಪಡಿಯಲ್ಲಿ ಇನ್ನೊಂದು ಬಾಗಿಲೂ ಇದೆ: ಆಯಾ ಪ್ರದೇಶದ ಮತದಾರರು ತಮ್ಮಲ್ಲಿ ಮಿತಿಯನ್ನು ಹೆಚ್ಚಿಸಬಹುದು, ಇಳಿಸಬಹುದು, ತೆಗೆದೇ ಹಾಕಬಹುದು. ಡೆನ್ವರ್ ಮೂರು ಅವಧಿಗೆ ಒಪ್ಪಿದೆ. ಮಿಚ್ ಮಾರಿಸ್ಸಿ 2005ರಿಂದ 2017ರವರೆಗೆ 12 ವರ್ಷ ಅಲ್ಲಿ ಡಿಎ ಆಗಿದ್ದರು.

ವಿಸ್ತರಣೆ ಬೇಕೆನ್ನುವವರು ಮೊದಲು ಹೇಳುವ ಮಾತು, ‘ಡಿಎ ಬದಲಾದರೆ ದೊಡ್ಡ ಕೇಸುಗಳು ಹಳ್ಳ ಹಿಡಿಯುತ್ತವೆ’ ಎಂಬುದು. ಡೆನ್ವರ್ ಪಕ್ಕದ ಅರೋರಾ ಊರಿನ ಚಿತ್ರಮಂದಿರದ ಕೇಸನ್ನು ನೋಡಿ. 2012ರ ಜುಲೈ 20ರಂದು ಗುಂಡಿಗೆ 12 ಜನ ಸತ್ತರು. ಆಗ ಅಲ್ಲಿನ ಡಿಎ ಕ್ಯಾರಲ್ ಚೇಂಬರ್ಸ್ ಎರಡನೇ ಅವಧಿಯ ಕೊನೆಯ ತಿಂಗಳುಗಳಲ್ಲಿದ್ದರು. ಹತ್ತೇ ದಿನದಲ್ಲಿ ಅವರ ಕಚೇರಿ 142 ಆರೋಪ ಸಲ್ಲಿಸಿತು. 2013ರ ಜನವರಿಯಲ್ಲಿ ಮಿತಿಯ ಕಾರಣಕ್ಕೆ ಅವರು ಇಳಿದರು, ಜಾರ್ಜ್ ಬ್ರಾಕ್ಲರ್ ಬಂದರು. ಪೆರೋಲ್ ಇಲ್ಲದ ಜೀವಾವಧಿಗೆ ಒಪ್ಪುವುದಾದರೆ ತಪ್ಪೊಪ್ಪಿಕೊಳ್ಳಲು ಸಿದ್ಧ ಎಂದು ಮಾರ್ಚ್‌ನಲ್ಲಿ ಆರೋಪಿಯ ವಕೀಲರು ಹೇಳಿದರು. ಬ್ರಾಕ್ಲರ್ ಒಪ್ಪಲಿಲ್ಲ, ಏಪ್ರಿಲ್ 1ರಂದು ಮರಣದಂಡನೆ ಕೇಳುವುದಾಗಿ ಘೋಷಿಸಿದರು. 2015ರಲ್ಲಿ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ) ಆಯ್ಕೆಗೇ 9,000 ಜನರಿಗೆ ಸಮನ್ಸ್ ಹೋಯಿತು. ಎಲ್ಲ ಆರೋಪಗಳೂ ಸಾಬೀತಾದವು. ಮರಣದಂಡನೆಗೆ ಜ್ಯೂರಿಯಲ್ಲಿ ಒಮ್ಮತ ಬರದೆ ಕೊನೆಗೆ ಪೆರೋಲ್ ಇಲ್ಲದ ಜೀವಾವಧಿಯೇ ಆಯಿತು.

ಇಲ್ಲಿ ಕೇಸ್ ಬಿದ್ದುಹೋಗಲಿಲ್ಲ. ಸಾಕ್ಷಿ, ಫೈಲು, ತಜ್ಞರ ವರದಿಗಳನ್ನು ದಿನನಿತ್ಯ ನಡೆಸುವವರು ಡಿಎ ಕೈಕೆಳಗಿನ ಡೆಪ್ಯುಟಿ ವಕೀಲರು, ಡಿಎ ಬದಲಾದ ಮಾತ್ರಕ್ಕೆ ಕಚೇರಿ ಖಾಲಿಯಾಗುವುದಿಲ್ಲ. ಮರಣದಂಡನೆ ಕೇಳಬೇಕೋ ಬೇಡವೋ ಎಂಬಂಥ ನಿರ್ಧಾರ ಮಾತ್ರ ಹೊಸಬರ ಪಾಲಿಗೆ ಬಂತು (2020ರಲ್ಲಿ ಕೊಲರಾಡೋ ಮರಣದಂಡನೆಯನ್ನೇ ರದ್ದು ಮಾಡಿತು). ಅದನ್ನು ಆಗಷ್ಟೇ ಜನರ ಮತ ಪಡೆದು ಬಂದವರು ಮಾಡಿದರೆ ತಪ್ಪೇನಿಲ್ಲ.

ಹಾಗಾದರೆ ಮೂರನೇ ಅವಧಿ ಯಾಕೆ? ನಿಧಾನದ ಕೆಲಸಗಳಿಗಾಗಿ. ಹಳೆಯ, ಪತ್ತೆಯಾಗದ ಕೊಲೆ–ಅತ್ಯಾಚಾರಗಳ ಮಾದರಿಗಳನ್ನು ಹುಡುಕಿ ತೆಗೆದು ಡಿಎನ್‌ಎ ಪರೀಕ್ಷೆಗೆ ಕಳಿಸುವ ಕೆಲಸಕ್ಕೆ ವರ್ಷಗಳೇ ಬೇಕು. ಡೆನ್ವರ್ ಆ ಕೆಲಸದಿಂದಲೇ ಹೆಸರು ಮಾಡಿತು. ಇನ್ನು ಬೆಟ್ಟದಾಚೆಯ ಸಣ್ಣ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಈ ಕುರ್ಚಿಗೆ ನಿಲ್ಲಬಲ್ಲ ಅನುಭವಿ ವಕೀಲರೇ ಕಡಿಮೆ. ಅಲ್ಲಿ ಪಳಗಿದವರನ್ನು 8 ವರ್ಷಕ್ಕೇ ಕಳಿಸುವುದು ನಷ್ಟ.

ಹಾಗೆಂದು ಮಿತಿಯನ್ನೇ ತೆಗೆಯುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಟೆಕ್ಸಸ್‌ನ ಡಲ್ಲಾಸ್‌ನಲ್ಲಿ ಹೆನ್ರಿ ವೇಡ್ 1951ರಿಂದ 1987ರವರೆಗೆ, 36 ವರ್ಷ, ಡಿಎ ಆಗಿದ್ದರು. ಅವರ ಕಾಲದಲ್ಲಿ ಶಿಕ್ಷೆಯಾದ ಹಲವರು ನಿರಪರಾಧಿಗಳೆಂದು ಆಮೇಲೆ ಡಿಎನ್‌ಎ ತೋರಿಸಿತು. ಅಲ್ಲಿನ ಪ್ರಯೋಗಾಲಯ ಹಳೆಯ ಮಾದರಿಗಳನ್ನು ಎಸೆಯದೆ ಇಟ್ಟಿದ್ದರಿಂದ ಪರೀಕ್ಷೆ ಸಾಧ್ಯವಾಯಿತು. ಆ ಫೈಲುಗಳನ್ನು ಸಾಲಾಗಿ ಮತ್ತೆ ತೆರೆಯಲು ಕಚೇರಿಯಲ್ಲೇ ಒಂದು ಘಟಕ ಕಟ್ಟಿದ್ದು 2007ರಲ್ಲಿ, ಆರೋಪಿಗಳ ಪರ ವಾದಿಸಿ ಬಂದಿದ್ದ ಕ್ರೇಗ್ ವಾಟ್ಕಿನ್ಸ್ ಡಿಎ ಆದ ಮೇಲೆ. ತಾನೇ ಗೆದ್ದ ಕೇಸನ್ನು ತಾನೇ ಅನುಮಾನಿಸುವುದು ಮನುಷ್ಯರಿಗೆ ಕಷ್ಟ. ಜೊತೆಗೆ, ಕುರ್ಚಿಯಲ್ಲಿರುವ ಡಿಎ ಎದುರು ನಿಲ್ಲಲು ಊರಿನ ವಕೀಲರು ಹಿಂಜರಿಯುತ್ತಾರೆ. ನಾಳೆ ಅದೇ ಕಚೇರಿಯ ಎದುರೇ ಅಲ್ಲವೇ ಕಕ್ಷಿದಾರರ ಪರ ನಿಲ್ಲಬೇಕು!

ಆದ್ದರಿಂದ ಮೂರು ಅವಧಿ ಸಾಕು, ಅದೂ ಮುಂದೆ ಬರುವವರಿಂದ ಜಾರಿಯಾಗಲಿ. ಈಗಿರುವ ಡಿಎಗೆ ಅನ್ವಯಿಸಿದರೆ ಅದು ಕಾಯ್ದೆಯ ಪ್ರಶ್ನೆಯಾಗಿ ಉಳಿಯದೆ ಆ ವ್ಯಕ್ತಿಯ ಚುನಾವಣೆಯೇ ಆಗಿಬಿಡುತ್ತದೆ.

ಮತಪತ್ರದಲ್ಲಿ ಕೇಳುವ ಪ್ರಶ್ನೆಯ ಭಾಷೆಯ ಬಗ್ಗೆ ಎಚ್ಚರ ಬೇಕು. ‘ಸತತ ಮೂರು ಅವಧಿಗೆ ಸೀಮಿತಗೊಳಿಸಬೇಕೆ?’ ಎಂದು ಕೇಳಿದರೆ ಓದುವವರಿಗೆ ಇದು ಹೊಸ ಕಡಿವಾಣ ಅನ್ನಿಸುತ್ತದೆ. ‘ಹೌದು’ ಅಂದರೆ ಇದ್ದ ಕಡಿವಾಣ ಸಡಿಲವಾಗುತ್ತದೆ. ಕೊಲರಾಡೋದ ಎಲ್ ಪಾಸೋ ಕೌಂಟಿಯಲ್ಲಿ 2010ರಲ್ಲಿ ಕಮಿಷನರುಗಳ (ಕೌಂಟಿಯ ಆಡಳಿತ ನಡೆಸುವ ಚುನಾಯಿತರು) ವಿಚಾರದಲ್ಲಿ ಇದೇ ದೂರು ಎದ್ದು, 2012ರಲ್ಲಿ ಜನ ಮತ್ತೆ ಎರಡಕ್ಕೇ ಇಳಿಸಿದರು. ‘ಈಗಿರುವ ಎರಡು ಅವಧಿಯ ಮಿತಿಯನ್ನು ಮೂರಕ್ಕೆ ಏರಿಸಬೇಕೆ?’ ಎಂದು ನೇರವಾಗಿ ಬರೆಯಲು ಏನು ಕಷ್ಟ?

ಕೊಲರಾಡೋದಲ್ಲಿ ಪೌರತ್ವ ಪಡೆದು ಮತದಾರರಾಗಿರುವ ಕನ್ನಡಿಗರೇ, ಮತಪತ್ರ ನಿಮ್ಮ ಮನೆಗೇ ಅಂಚೆಯಲ್ಲಿ ಬರುತ್ತದೆ. ಇಂಥ ಸ್ಥಳೀಯ ಪ್ರಶ್ನೆಗಳು ಕೊನೆಯಲ್ಲಿರುತ್ತವೆ, ಹಾಳೆ ತಿರುಗಿಸಿ ನೋಡಿ. ಲಕೋಟೆಯ ಮೇಲೆ ಸಹಿ ಮರೆಯಬೇಡಿ. ಮತದಾನದ ದಿನ ಸಂಜೆ 7ರೊಳಗೆ ಅದು ಚುನಾವಣೆ ನಡೆಸುವ ಕೌಂಟಿ ಕ್ಲರ್ಕ್ ಕಚೇರಿಯ ಕೈ ಸೇರಿರಬೇಕು, ಅಂಚೆ ಮುದ್ರೆಯ ತಾರೀಕು ಲೆಕ್ಕಕ್ಕೆ ಬರುವುದಿಲ್ಲ. ಕೊನೆಯ ವಾರದವರೆಗೆ ಉಳಿಸಿಕೊಂಡಿದ್ದರೆ ಅಂಚೆಗೆ ಹಾಕಬೇಡಿ, ಮತಪತ್ರ ಹಾಕಲೆಂದೇ ಇಟ್ಟಿರುವ ಡ್ರಾಪ್ ಬಾಕ್ಸ್‌ಗೇ ಹಾಕಿ ಬನ್ನಿ.